ಯಕೃತ್ತಿನ ಕಿರುದಾರಿಗಳು: ಕೂನೂರಿನಿಂದ ಸರ್ಗುಜಾವರೆಗೆ

1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯೊಳಗೆ ಒಂದೇ ಒಂದು ಕೋಣೆ ಹಿಡಿದು ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ತನಿಖೆ ಆರಂಭಿಸಿದರು. ಐದು ವರ್ಷಗಳಲ್ಲಿ ಸರ್ಕಾರ ಖರ್ಚು ಕಡಿತದ ಹೆಸರಿನಲ್ಲಿ ಆ ಕೆಲಸವನ್ನು ನಿಲ್ಲಿಸಿತು. 1925ರಲ್ಲಿ ಅದು ಮತ್ತೆ ಜೀವ ಹಿಡಿಯಿತು; 1928ರ ಹೊತ್ತಿಗೆ ‘ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರೀಸ್’ ಎಂಬ ಪೂರ್ಣ ಪ್ರಮಾಣದ ಸಂಸ್ಥೆಯಾಗಿತ್ತು. ಅಲ್ಲಿ ಇಲಿಗಳನ್ನು ಗುಂಪುಗುಂಪಾಗಿ ಬೇರ್ಪಡಿಸಿ, ಒಂದು ಗುಂಪಿಗೆ ಸಿಖ್ಖರ ಊಟ, ಮತ್ತೊಂದಕ್ಕೆ ಪಠಾಣರದು, ಇನ್ನೊಂದಕ್ಕೆ ಮರಾಠರದು, ಬೇರೆಯದಕ್ಕೆ ಕನ್ನಡಿಗರದು, ಬಂಗಾಳಿಗಳದು, ಮದರಾಸಿನವರದು ಎಂದು ಹಂಚಿ ಹಾಕುತ್ತಿದ್ದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ಮೈತುಂಬಿ ಬೆಳೆದವು. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿದ ಮದರಾಸಿನ ಊಟದ ಇಲಿಗಳು ಎಲ್ಲಕ್ಕಿಂತ ಹಿಂದೆ ಬಿದ್ದವು. ಕನ್ನಡದ ಊಟ ತಿಂದ ಇಲಿಗಳು ಈ ಎರಡರ ನಡುವೆ ಎಲ್ಲೋ ನಿಂತವು.

ಕೂನೂರಿನ ಈ ಪ್ರಯೋಗಾಲಯವನ್ನು ನೆನೆಯುವವರು ಸಾಮಾನ್ಯವಾಗಿ ತವುಡು, ಹಾಲು, ವಿಟಮಿನ್‌ಗಳ ಮಾತಾಡುತ್ತಾರೆ. ಅದೇ ಕಟ್ಟಡದಲ್ಲಿ ತರಬೇತಾದವರು, ಅದೇ ಸಂಸ್ಥೆಯ ಉತ್ತರಾಧಿಕಾರಿಗಳು ಮುಂದಿನ ಐವತ್ತು ವರ್ಷಗಳಲ್ಲಿ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಭಾರತದ ಬಡವರ ಯಕೃತ್ತಿನೊಳಗೆ, ಬರಿಗಣ್ಣಿಗೆ ಕಾಣದ ರಕ್ತನಾಳಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಪತ್ತೆ ಮಾಡುವುದರಲ್ಲಿ ಅವರು ಮುಂದಿನ ಸಾಲಿನಲ್ಲಿದ್ದರು. ಆ ಚರಿತ್ರೆಯನ್ನು ಹೇಳಬೇಕಾದರೆ ಮೊದಲು ಯಕೃತ್ತಿನ ಒಳಗಿನ ದಾರಿಗಳ ಪರಿಚಯ ಬೇಕು.

ಊಟಿಗೆ ಹತ್ತಿರದ ನಂಜನಾಡಿನ ಮೆಟ್ಟಿಲು ಹೊಲಗಳಲ್ಲಿ ನೀರು ಮೇಲಿನ ಕಾಲುವೆಯಿಂದ ಇಳಿದು, ಪಾತಿಗಳಲ್ಲಿ ನಿಧಾನವಾಗಿ ಹರಡಿ, ಕೊನೆಗೆ ಕೆಳಗಿನ ಕಾಲುವೆ ಸೇರುತ್ತದೆ. ಯಕೃತ್ತಿನಲ್ಲಿ ರಕ್ತದ ಪಯಣವೂ ಹೀಗೆ ಮೂರು ಹಂತದ್ದು. ಹೊಟ್ಟೆ, ಕರುಳು, ಗುಲ್ಮಗಳಿಂದ ಬರುವ ರಕ್ತವನ್ನು ಪೋರ್ಟಲ್ ಅಭಿಧಮನಿ ತಂದು ಒಳಗೆ ಬಿಡುತ್ತದೆ. ಅದು ಕವಲೊಡೆದು ಕವಲೊಡೆದು ಕೊನೆಗೆ ಸೈನುಸಾಯ್ಡ್ ಎಂಬ ಅತಿ ಸಣ್ಣ ನಾಳಗಳಾಗುತ್ತದೆ. ಯಕೃತ್ ಕೋಶಗಳ ಸಾಲುಗಳ ನಡುವೆ ಹರಿದ ಆ ರಕ್ತವನ್ನು ಕಿರು ಅಭಿಧಮನಿಗಳು ಒಟ್ಟುಗೂಡಿಸಿ ಹೃದಯದ ಕಡೆಗೆ ಕಳುಹಿಸುತ್ತವೆ. ಆರೋಗ್ಯವಂತ ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಈ ಅಂಗವನ್ನು ಹಾದುಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಪೋರ್ಟಲ್ ಅಭಿಧಮನಿಯದು, ಉಳಿದದ್ದು ಅಪಧಮನಿಯದು. ಸೈನುಸಾಯ್ಡಿನ ಅಗಲ ಹಲವೆಡೆ ಒಂದು ಕೆಂಪು ರಕ್ತಕಣದಷ್ಟೇ. ಆ ಕಣದ ಅಗಲವಾದರೂ ಎಷ್ಟು? ಸುಮಾರು ಏಳೂವರೆ ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲಿ ಏಳೂವರೆ ಭಾಗ.

ಇಷ್ಟು ಸಣ್ಣ ದಾರಿಯನ್ನು ಕಾಣುವುದಕ್ಕೆ ಯುರೋಪಿನ ವಿಜ್ಞಾನಿಗಳು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹೆಣಗಿದರು. 1654ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ ಪೋರ್ಟಲ್ ಅಭಿಧಮನಿಗೆ ನೀರು ತುಂಬಿಸಿ, ಅದು ಯಕೃತ್ತನ್ನು ದಾಟಿ ಆಚೆ ಕಡೆಯ ದೊಡ್ಡ ನಾಳದಲ್ಲಿ ಹೊರಬರುವುದನ್ನು ತೋರಿಸಿದರು. ನಡುವೆ ದಾರಿಯಿದೆ ಎಂದು ಇದರಿಂದ ಗೊತ್ತಾಯಿತು, ದಾರಿ ಮಾತ್ರ ಕಾಣಲಿಲ್ಲ. 1666ರಲ್ಲಿ ಇಟಲಿಯ ಮಾರ್ಚೆಲ್ಲೊ ಮಲ್ಪೀಗಿ ಸೂಕ್ಷ್ಮದರ್ಶಕ ಹಿಡಿದು ಯಕೃತ್ತು ಕಿರು ಹಾಲೆಗಳಿಂದ ಕಟ್ಟಿದ ಅಂಗವೆಂದು ವರ್ಣಿಸಿದರು. 1833ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕೀರ್ನನ್ ನಾಳಗಳಿಗೆ ಬಣ್ಣ ತುಂಬಿಸಿ, ಒಳಬರುವ ನಾಳ ಹಾಲೆಯ ಅಂಚಿನಲ್ಲಿಯೂ ಹೊರಹೋಗುವ ನಾಳ ಅದರ ನಡುವೆಯೂ ಇರುವುದನ್ನು ಬೇರ್ಪಡಿಸಿ ತೋರಿಸಿದರು. ‘ಸೈನುಸಾಯ್ಡ್’ ಎಂಬ ಹೆಸರು ಬಂದದ್ದು 1900ರಲ್ಲಿ, ಅಮೆರಿಕದ ಚಾರ್ಲ್ಸ್ ಮೈನಟ್ ಅವರಿಂದ.

ರೋಗಗ್ರಸ್ತ ಯಕೃತ್ತಿನ ನಾಳಗಳ ಸ್ಪಷ್ಟ ಚಿತ್ರ ದೊರೆತದ್ದು 1928ರಲ್ಲಿ, ಕೂನೂರಿನ ಪ್ರಯೋಗಾಲಯ ತನ್ನ ಹೊಸ ಹೆಸರು ಪಡೆದ ವರ್ಷವೇ. ನ್ಯೂಜಿಲೆಂಡಿನ ಯುವ ವೈದ್ಯ ಆರ್ಚಿಬಾಲ್ಡ್ ಮೆಕಿಂಡೋ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ, ಯಕೃತ್ತು ಗಂಟುಗಟ್ಟಿ ಗಡುಸಾಗುವ ಸಿರೋಸಿಸ್‌ನಿಂದ ಸತ್ತವರ ಯಕೃತ್ತಿನ ನಾಳಗಳಿಗೆ ದ್ರವ ತುಂಬಿ ನೋಡಿದರು. ಆರೋಗ್ಯವಂತ ಅಂಗದಲ್ಲಿ ಮರದಂತೆ ಹರಡುತ್ತಿದ್ದ ಪೋರ್ಟಲ್ ಕವಲುಗಳು ಇಲ್ಲಿ ಮೊಟಕಾಗಿದ್ದವು, ತಿರುಚಿಕೊಂಡಿದ್ದವು. ರಕ್ತ ಯಕೃತ್ ಕೋಶಗಳನ್ನು ಮುಟ್ಟದೆ ಅಡ್ಡದಾರಿ ಹಿಡಿದು ಹೋಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಸುಟ್ಟು ಕರಕಲಾದ ವಿಮಾನ ಚಾಲಕರ ಮುಖಗಳನ್ನು ಮತ್ತೆ ಕಟ್ಟಿಕೊಟ್ಟ ಶಸ್ತ್ರವೈದ್ಯರೆಂದು ಲೋಕಪ್ರಸಿದ್ಧರಾದ ಮೆಕಿಂಡೋ ಇವರೇ.

ಸ್ವಾತಂತ್ರ್ಯ ಬಂದ 1947ರಲ್ಲಿ ಶ್ರೀಕಾಕುಳಂ ಮೂಲದ ತರುಣ ರೋಗಶಾಸ್ತ್ರಜ್ಞ ವುಲಿಮಿರಿ ರಾಮಲಿಂಗಸ್ವಾಮಿ ಕೂನೂರಿಗೆ ಬಂದರು. ಸೇಲಂನಲ್ಲಿ ಹುಟ್ಟಿದ ಸಿ. ಗೋಪಾಲನ್, ಮತ್ತೊಬ್ಬ ರೋಗಶಾಸ್ತ್ರಜ್ಞ ಎಸ್. ಶ್ರೀರಾಮಾಚಾರಿ ಕೂಡ ಅಲ್ಲಿಯ ಬಳಗದವರು. ಆಗ ಅವರ ಎದುರಿಗಿದ್ದ ದೊಡ್ಡ ಪ್ರಶ್ನೆ ಕ್ವಾಷಿಯೋರ್ಕರ್. ಪ್ರೋಟೀನ್ ಸಾಲದ ಮಕ್ಕಳ ಕಾಲು ಊದಿಕೊಳ್ಳುತ್ತಿತ್ತು, ಕೂದಲು ಬಣ್ಣಗೆಡುತ್ತಿತ್ತು, ಚರ್ಮ ಸುಲಿಯುತ್ತಿತ್ತು. ಒಳಗೆ ಯಕೃತ್ತು ಕೊಬ್ಬು ತುಂಬಿ ಹಿಗ್ಗುತ್ತಿತ್ತು.

ಆ ಕೊಬ್ಬು ಎಲ್ಲೆಂದರಲ್ಲಿ ಸೇರುತ್ತಿರಲಿಲ್ಲ ಎಂಬುದು ಮುಖ್ಯ. ಕ್ವಾಷಿಯೋರ್ಕರ್‌ನಲ್ಲಿ ಅದು ಮೊದಲು ಪೋರ್ಟಲ್ ನಾಳದ ಅಂಚಿನ ಕೋಶಗಳಲ್ಲಿ ಕಾಣಿಸಿಕೊಂಡು ಆಮೇಲೆ ಒಳಕ್ಕೆ ಹಬ್ಬುತ್ತದೆ. ಹೆಂಡದಿಂದ ಬರುವ ಕೊಬ್ಬು ಹೆಚ್ಚಾಗಿ ಇದಕ್ಕೆ ವಿರುದ್ಧ. ರಕ್ತ ಹೊರಹೋಗುವ ಕಿರು ಅಭಿಧಮನಿಯ ಸುತ್ತ ಶುರುವಾಗುತ್ತದೆ. 1954ರಲ್ಲಿ ಟೊರಾಂಟೊದ ಎ. ಎಂ. ರ್‍ಯಾಪಪೋರ್ಟ್ ಮತ್ತು ಸಂಗಡಿಗರು ಯಕೃತ್ತನ್ನು ರಕ್ತದ ಸರಬರಾಜಿನ ಲೆಕ್ಕದಲ್ಲಿ ಮೂರು ವಲಯಗಳಾಗಿ ವಿಂಗಡಿಸಿದಾಗ ಇಂಥ ವ್ಯತ್ಯಾಸಗಳಿಗೆ ಒಂದು ಚೌಕಟ್ಟು ಸಿಕ್ಕಿತು. ಒಳಬರುವ ರಕ್ತಕ್ಕೆ ಹತ್ತಿರದ ಕೋಶಕ್ಕೆ ಆಮ್ಲಜನಕವೂ ಆಹಾರವೂ ಮೊದಲು ದಕ್ಕುತ್ತವೆ, ತುದಿಯ ಕೋಶಕ್ಕೆ ಉಳಿದದ್ದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ (ಏಮ್ಸ್) ಸೇರಿದ ಮೇಲೂ ರಾಮಲಿಂಗಸ್ವಾಮಿ ಕೂನೂರಿನ ಪ್ರಶ್ನೆಯನ್ನು ಬಿಡಲಿಲ್ಲ. 1960ರಲ್ಲಿ ಎಂ. ಜಿ. ದೇವ್ ಜೊತೆ ಸೇರಿ, ಪ್ರೋಟೀನ್ ಕೊರತೆಯ ಆಹಾರ ಕೊಟ್ಟ ಕೋತಿಗಳ ಯಕೃತ್ತಿನಲ್ಲಿ ಕೊಬ್ಬು ಪೋರ್ಟಲ್ ಅಂಚಿನಲ್ಲೇ ಸೇರುವುದನ್ನು ತೋರಿಸಿಕೊಟ್ಟರು. ಮನುಷ್ಯರ ಮಕ್ಕಳಲ್ಲಿ ಕಂಡ ಗುರುತನ್ನು ಪ್ರಯೋಗದಲ್ಲಿ ಮತ್ತೆ ಮೂಡಿಸಿದ ಕೆಲಸವದು.

ಇದಕ್ಕೂ ತುಸು ಮೊದಲು ನೀಲಗಿರಿಯ ಬೆಟ್ಟಗಳಿಂದಲೇ ಇನ್ನೊಂದು ಸುದ್ದಿ ಹೊರಟಿತು. 1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮರೀ ಕಟ್‌ಬುಷ್ ಇಲ್ಲಿಯ ಬುಡಕಟ್ಟು ಜನರಲ್ಲಿ ಕುಡುಗೋಲು ರಕ್ತಕಣದ ಗುಣ ಇರುವುದನ್ನು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು. ಆಫ್ರಿಕಾ ಮೂಲದವರ ಕಾಯಿಲೆ ಎಂದೇ ಬಹುಪಾಲು ತಿಳಿದಿದ್ದ ಇದು ಭಾರತದಲ್ಲೂ ಇದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆಗಳಲ್ಲಿ ಇದೊಂದು. ಮರುವರ್ಷವೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಗ್ರೀನ್, ಕಾನ್ಲಿ, ಬರ್ಥ್ರಾಂಗ್ ಎಂಬ ಮೂವರು ಕುಡುಗೋಲು ರಕ್ತಕಣ ರೋಗಿಗಳ ಯಕೃತ್ತಿನ ವಿವರವಾದ ಅಧ್ಯಯನ ಹೊರತಂದರು. ಸೈನುಸಾಯ್ಡುಗಳು ಹಿಗ್ಗಿದ್ದವು, ಅವುಗಳ ತುಂಬ ಕುಡುಗೋಲಿನಂತೆ ಬಾಗಿದ ಕಣಗಳು ಕಿಕ್ಕಿರಿದಿದ್ದವು.

ಯಕೃತ್ತಿನಲ್ಲಿ ಹೀಗಾಗಲು ಕಾರಣವಿದೆ. ಆರೋಗ್ಯವಂತ ಕೆಂಪುಕಣ ಮೆದು. ತನ್ನಷ್ಟೇ ಅಗಲದ ನಾಳದಲ್ಲಿ ಮೈ ಮಡಿಸಿಕೊಂಡು ನುಸುಳುತ್ತದೆ. ಈ ರೋಗದಲ್ಲಿ ಆಮ್ಲಜನಕ ಇಳಿದಾಗ ಕಣದೊಳಗಿನ ಹಿಮೊಗ್ಲೋಬಿನ್ ಸರಪಳಿಯಾಗಿ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಯಕೃತ್ತಿಗೆ ಬರುವ ರಕ್ತದ ಬಹುಪಾಲು ಕರುಳನ್ನು ಸುತ್ತಿ ಬಂದದ್ದು, ಆಮ್ಲಜನಕ ಈಗಾಗಲೇ ಕಡಿಮೆಯಾದದ್ದು. ಸೈನುಸಾಯ್ಡಿನಲ್ಲಿ ಹರಿವೂ ನಿಧಾನ. ಕಣ ಸಿಕ್ಕಿಕೊಳ್ಳುವುದಕ್ಕೆ ಬೇಕಾದ ಎಲ್ಲವೂ ಅಲ್ಲಿ ಒಟ್ಟಿಗೆ ಇದೆ. ಪಣಿಯ, ಕುರುಂಬ, ಇರುಳ ಸಮುದಾಯಗಳ ಮನೆಗಳಲ್ಲಿ ಕೀಲುನೋವು, ಕಾಮಾಲೆ, ಪದೇಪದೇ ಬರುವ ಜ್ವರವೆಂದು ತಲೆಮಾರುಗಳಿಂದ ಅನುಭವಿಸಿದ್ದರ ಒಂದು ಪಾಲು ಇಂಥ ಕಿರುದಾರಿಗಳ ತಡೆಯೇ ಆಗಿತ್ತು. ಗೂಡಲೂರಿನ ಆದಿವಾಸಿ ಆಸ್ಪತ್ರೆ ಮತ್ತು ಕೋಟಗಿರಿಯ ನೀಲಗಿರಿ ಆದಿವಾಸಿ ಕಲ್ಯಾಣ ಸಂಘ ಊರೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿ, ರೋಗಿಗಳನ್ನು ಗುರುತಿಸಿ ಆರೈಕೆ ಮಾಡುವ ಕೆಲಸವನ್ನು ಕೈಗೆತ್ತಿಕೊಂಡವು. ಕೇಂದ್ರ ಸರ್ಕಾರ ರಾಷ್ಟ್ರಮಟ್ಟದಲ್ಲಿ ಈ ರೋಗದ ನಿರ್ಮೂಲನ ಅಭಿಯಾನ ಆರಂಭಿಸಿದ್ದು 2023ರ ಜುಲೈಯಲ್ಲಿ. ಲೆಹ್ಮನ್ ವರದಿಗೂ ಅದಕ್ಕೂ ನಡುವೆ ಎಪ್ಪತ್ತೊಂದು ವರ್ಷ ಕಳೆದಿತ್ತು.

ಕಾಣುವುದು ಒಂದು ಕಡೆಯಾದರೆ ಅಳೆಯುವುದು ಇನ್ನೊಂದು. 1951ರಲ್ಲಿ ಜ್ಯಾಕ್ ಮೈಯರ್ಸ್ ಮತ್ತು ಡಬ್ಲ್ಯು. ಜೆ. ಟೇಲರ್ ಒಂದು ಜಾಣ ದಾರಿ ಹುಡುಕಿದರು. ತೆಳುವಾದ ಕೊಳವೆಯನ್ನು ರಕ್ತನಾಳದ ಮೂಲಕ ಸಾಗಿಸಿ, ಯಕೃತ್ತಿನ ಹೊರದಾರಿಯ ಅಭಿಧಮನಿಯಲ್ಲಿ ಮುಂದೆ ಹೋಗದಷ್ಟು ದೂರ ತೂರಿಸಿದರು. ಕೊಳವೆ ನಾಳವನ್ನು ಮುಚ್ಚಿದಾಗ ಅದರ ತುದಿಯಲ್ಲಿ ದೊರೆಯುವ ಒತ್ತಡ ಆಚೆಗಿನ ಸೈನುಸಾಯ್ಡುಗಳದ್ದು. ಅದರಿಂದ ತೆರೆದ ನಾಳದ ಒತ್ತಡವನ್ನು ಕಳೆದರೆ ವ್ಯತ್ಯಾಸ ತಿಳಿಯುತ್ತದೆ. ಆರೋಗ್ಯವಂತರಲ್ಲಿ ಅದು 1ರಿಂದ 5 ಮಿಲಿಮೀಟರ್ ಪಾದರಸ. 10 ಮುಟ್ಟಿದರೆ ಅಪಾಯದ ಗೆರೆ. 12 ದಾಟಿದರೆ ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತ ಕಾರುವ ಭಯ.

ಭಾರತದ ಆಸ್ಪತ್ರೆಗಳಲ್ಲಿ ಈ ಅಳತೆಗೆ ಸಿಗದ ರೋಗಿಗಳಿದ್ದರು. ಬಹುತೇಕ ಬಡವರು, ಹರೆಯದವರು. ಗುಲ್ಮ ಹೊಟ್ಟೆಯ ತುಂಬ ಬೆಳೆದಿರುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ರಕ್ತ ವಾಂತಿಯಾಗುತ್ತಿತ್ತು. ಸಿರೋಸಿಸ್ ಎಂದು ವೈದ್ಯರು ಊಹಿಸುತ್ತಿದ್ದರು, ಹೆಂಡ ಕುಡಿಯುತ್ತೀಯಾ ಎಂದು ಮನೆಯವರೂ ಕೇಳುತ್ತಿದ್ದರು. ಪರೀಕ್ಷೆ ಮಾಡಿದರೆ ಯಕೃತ್ತು ತಕ್ಕಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಗಂಟುಗಳಿರಲಿಲ್ಲ. ಹೊರದಾರಿಯಿಂದ ಅಳೆದ ಒತ್ತಡ ಸಹಜ, ಅಥವಾ ತುಸು ಹೆಚ್ಚು. ಆದರೆ ಗುಲ್ಮದೊಳಗೆ ಸೂಜಿಯಿಟ್ಟು ಅಳೆದರೆ ಒತ್ತಡ ಬಹಳ ಏರಿರುತ್ತಿತ್ತು. ತಡೆ ಇರುವುದು ಸೈನುಸಾಯ್ಡಿಗೂ ಮೊದಲು, ಒಳದಾರಿಯಲ್ಲಿ ಎಂಬುದಕ್ಕೆ ಈ ಎರಡು ಸಂಖ್ಯೆಗಳ ಅಂತರವೇ ಸಾಕ್ಷಿ.

1967ರಲ್ಲಿ ಕಲ್ಕತ್ತೆಯ ಎ. ಕೆ. ಬಸು, ಕೆ. ಪಿ. ಸೇನ್ ಗುಪ್ತ ಮತ್ತು ಅಲ್ಲಿಗೆ ಬಂದಿದ್ದ ಅಮೆರಿಕದ ಜೇಮ್ಸ್ ಬೋಯರ್ ಮೊದಲಾದವರು ಇದನ್ನು ಸಿರೋಸಿಸ್ ಅಲ್ಲದ ಪ್ರತ್ಯೇಕ ರೋಗವೆಂದು ವಿವರಿಸಿದರು. ಭಾರತೀಯ ವೈದ್ಯರ ಬಾಯಲ್ಲಿ ಅದು ‘ನಾನ್ ಸಿರೋಟಿಕ್ ಪೋರ್ಟಲ್ ಫೈಬ್ರೋಸಿಸ್’ ಆಯಿತು. ಎರಡು ವರ್ಷದ ಮೇಲೆ, 1969ರಲ್ಲಿ, ದೆಹಲಿಯ ಎನ್. ಸಿ. ನಾಯಕ್ ಮತ್ತು ಕೂನೂರಿನ ಹಳೆಯ ವಿದ್ಯಾರ್ಥಿಯೆನ್ನಬಹುದಾದ ರಾಮಲಿಂಗಸ್ವಾಮಿ ಯಕೃತ್ತಿನ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸಿ, ಪೋರ್ಟಲ್ ಅಭಿಧಮನಿಯ ಕವಲುಗಳ ಗೋಡೆ ದಪ್ಪವಾಗಿ ಒಳಬಾಯಿ ಮುಚ್ಚಿಹೋಗುತ್ತಿರುವುದನ್ನು ಬಿಡಿಸಿ ತೋರಿಸಿದರು. ಅವರು ಕೊಟ್ಟ ಹೆಸರು ‘ಆಬ್ಲಿಟರೇಟಿವ್ ಪೋರ್ಟಲ್ ವೀನೋಪತಿ’.

ಈ ಪತ್ತೆಯಿಂದ ರೋಗಿಯ ಬದುಕೇ ಬದಲಾಗುತ್ತದೆ. ಸಿರೋಸಿಸ್‌ನಲ್ಲಿ ಯಕೃತ್ತೇ ಸೋಲುತ್ತಿರುತ್ತದೆ; ಇಲ್ಲಿ ಯಕೃತ್ತು ಉಳಿದಿದೆ, ದಾರಿಯಷ್ಟೇ ಕೆಟ್ಟಿದೆ. ರಕ್ತಸ್ರಾವವನ್ನು ತಡೆದರೆ ಅಂಥವರು ದಶಕಗಳ ಕಾಲ ದುಡಿದು ಬಾಳಬಲ್ಲರು. ಕಾರಣ ಹುಡುಕುವ ಕೆಲಸವೂ ಮುಂದುವರಿಯಿತು. 1979ರಲ್ಲಿ ಚಂಡೀಗಢದ ಡಿ. ವಿ. ದತ್ತ ಮತ್ತು ಸಂಗಡಿಗರು ದೀರ್ಘಕಾಲ ದೇಹ ಸೇರಿದ ಆರ್ಸೆನಿಕ್ಕಿನತ್ತ ಬೆರಳು ತೋರಿದರು. ಬಳಿಕ ಪಶ್ಚಿಮ ಬಂಗಾಳದಲ್ಲಿ ಡಿ. ಎನ್. ಗುಹಾ ಮಜುಮ್ದಾರ್, ಆರ್ಸೆನಿಕ್ ಬೆರೆತ ಕೊಳವೆಬಾವಿ ನೀರು ಕುಡಿದವರಲ್ಲಿ ಇದೇ ರೋಗವನ್ನು ಕಂಡರು.

ಇಷ್ಟರಲ್ಲಿ ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತ್ತು. 1969ರಲ್ಲಿ ಅದಕ್ಕೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರಾಯಿತು. ಗೋಪಾಲನ್ 1974ರವರೆಗೆ ಅದರ ನಿರ್ದೇಶಕರಾಗಿದ್ದರು.

1970ರ ದಶಕದ ಮಧ್ಯಭಾಗದಲ್ಲಿ ಆಗಿನ ಮಧ್ಯಪ್ರದೇಶದ, ಈಗ ಛತ್ತೀಸಗಢಕ್ಕೆ ಸೇರಿದ ಸರ್ಗುಜಾ ಜಿಲ್ಲೆಯ ಆದಿವಾಸಿ ಹಳ್ಳಿಗಳಲ್ಲಿ ಜನರ ಹೊಟ್ಟೆ ಊದತೊಡಗಿತು. ಕೈಕಾಲು ಕಡ್ಡಿಯಾಗಿ, ಹೊಟ್ಟೆ ನೀರು ತುಂಬಿದ ಕೊಡದಂತಾಗಿ, ಒಂದೇ ಮನೆಯಲ್ಲಿ ಹಲವರು ಮಲಗಿದರು. ದೆಹಲಿಯ ಏಮ್ಸ್‌ನಿಂದ ಬಿ. ಎನ್. ಟಂಡನ್ ಮತ್ತು ತಂಡ ಅಲ್ಲಿಗೆ ಹೋಯಿತು. ರೋಗಶಾಸ್ತ್ರಜ್ಞ ಎಚ್. ಡಿ. ಟಂಡನ್ ಯಕೃತ್ತಿನ ತುಣುಕುಗಳನ್ನು ನೋಡಿದರು. ಒಳದಾರಿಯ ಪೋರ್ಟಲ್ ಕವಲುಗಳಲ್ಲಿ ದೋಷವಿರಲಿಲ್ಲ. ಮುಚ್ಚಿಹೋದದ್ದು ಹೊರದಾರಿ, ಸೈನುಸಾಯ್ಡುಗಳ ರಕ್ತವನ್ನು ಒಟ್ಟುಗೂಡಿಸುವ ಕಿರು ಅಭಿಧಮನಿಗಳು. ರಕ್ತ ಹೊರಹೋಗಲಾರದೆ ಯಕೃತ್ತಿನಲ್ಲಿ ನಿಂತು, ಅದರ ನೀರಿನಂಶ ಹೊಟ್ಟೆಯೊಳಗೆ ಒಸರಿ ಜಲೋದರವಾಗುತ್ತಿತ್ತು. 1976ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಲ್ಲಿ 67 ರೋಗಿಗಳಿದ್ದರು. ಅವರಲ್ಲಿ 28 ಮಂದಿ ಸತ್ತರು.

ಈ ಲಕ್ಷಣ ಲೋಕಕ್ಕೆ ಹೊಸದಲ್ಲ. 1920ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸೆನೆಸಿಯೋ ಗಿಡ ಬೆರೆತ ಹಿಟ್ಟಿನ ರೊಟ್ಟಿ ತಿಂದವರಲ್ಲಿ ಹೀಗಾಗಿತ್ತು. 1954ರಲ್ಲಿ ಜಮೈಕಾದ ವೈದ್ಯರು ಕಾಡುಗಿಡಗಳ ಕಷಾಯ ಕುಡಿದ ಮಕ್ಕಳಲ್ಲಿ ಇದನ್ನು ಕಂಡು ‘ವೀನೋ ಆಕ್ಲೂಸಿವ್’ ರೋಗವೆಂದು ಕರೆದಿದ್ದರು. ಸರ್ಗುಜಾದ ಸುದ್ದಿ ಬಂದ ವರ್ಷವೇ ಆಫ್ಘಾನಿಸ್ತಾನದ ವಾಯವ್ಯ ಭಾಗದಿಂದಲೂ ಇಂಥದೇ ವರದಿ ಬಂತು. ಅಲ್ಲಿ ಬರಗಾಲದ ನಂತರ ಗೋಧಿಯಲ್ಲಿ ಹೆಲಿಯೋಟ್ರೋಪಿಯಂ ಎಂಬ ಕಳೆಯ ಬೀಜ ಬೆರೆತಿತ್ತು.

ಸರ್ಗುಜಾದ ವಿಷ ಎಲ್ಲಿಂದ ಬಂತು ಎಂಬುದನ್ನು ಹಿಡಿದುಕೊಟ್ಟದ್ದು ಕೂನೂರಿನ ವಂಶದ ಸಂಸ್ಥೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ್ ಭಟ್, ಕಮಲಾ ಕೃಷ್ಣಸ್ವಾಮಿ ಮೊದಲಾದವರ ತಂಡ ಹಳ್ಳಿಗರು ಏನು ತಿನ್ನುತ್ತಾರೆ ಎಂಬುದನ್ನು ಕೆದಕಿತು. ಅಲ್ಲಿಯವರ ಊಟ ಗೊಂಡ್ಲಿ; ನಾವು ಸಾಮೆ ಎನ್ನುವ ಕಿರುಧಾನ್ಯ. ಅದರ ಜೊತೆ ಕ್ರೊಟಲೇರಿಯಾ ಎಂಬ, ಸೆಣಬಿನ ಕುಲಕ್ಕೆ ಸೇರಿದ ಕಳೆಗಿಡದ ಬೀಜ ಬೆರೆತಿತ್ತು. ಆ ಬೀಜದಲ್ಲಿರುವ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ರಾಸಾಯನಿಕವನ್ನು ಯಕೃತ್ತೇ ಒಡೆಯಲು ಹೋಗಿ ವಿಷವಾಗಿ ಮಾರ್ಪಡಿಸುತ್ತದೆ. ಆ ವಿಷ ಪಕ್ಕದ ಕಿರುನಾಳಗಳ ಒಳಪದರವನ್ನು ಸುಡುತ್ತದೆ. ತಂಡದ ಸಂಶೋಧನೆ 1977ರಲ್ಲಿ ಪ್ರಕಟವಾಯಿತು.

ತಪ್ಪು ಸಾಮೆಯದಲ್ಲ. ನಂಜನಾಡಿನಂಥ ಬಡಗ ಹಟ್ಟಿಗಳಲ್ಲೂ ಆಲೂಗೆಡ್ಡೆ, ಕೋಸು, ಚಹಾ ಹೊಲಗಳನ್ನು ಆವರಿಸುವ ಮೊದಲು ಸಾಮೆ, ರಾಗಿ ಮನೆಯ ಊಟವಾಗಿದ್ದವು. ಕಳೆ ಕಿತ್ತು, ಮೊರದಲ್ಲಿ ಕೇರಿ, ಜರಡಿ ಹಿಡಿದು ತಂದ ಧಾನ್ಯ ಒಳ್ಳೆಯ ಆಹಾರವೇ. ಹೊಲದಲ್ಲಿ ಬೆಳೆ ಬಡವಾಗಿ ಕಳೆ ಬಲಿತಾಗ, ಹಸಿವಿಗೆ ಆರಿಸಿ ತಿನ್ನುವಷ್ಟು ಬಿಡುವಿಲ್ಲದಾಗ ವಿಷ ತಟ್ಟೆಗೆ ಬಂತು. ಆಸ್ಪತ್ರೆಯಲ್ಲಿ ಆಗ ಮದ್ದಿಲ್ಲದ ಈ ರೋಗವನ್ನು ತಡೆಯುವ ಜಾಗ ಹೊಲ ಮತ್ತು ಕಣ.

ಸೂಕ್ಷ್ಮನಾಳಗಳ ನೋಟ ಈ ನಡುವೆ ಇನ್ನೂ ಹರಿತವಾಗಿತ್ತು. 1970ರಲ್ಲಿ ಎಡ್ಡಿ ವಿಸ್ಸೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಸೈನುಸಾಯ್ಡಿನ ಗೋಡೆಯ ತುಂಬ ಮೈಕ್ರಾನಿನ ಹತ್ತನೇ ಒಂದರಷ್ಟು ಅಗಲದ ಕಿಂಡಿಗಳಿರುವುದನ್ನು ತೋರಿಸಿದ್ದರು. ರಕ್ತದ ಆಹಾರಾಂಶ ಯಕೃತ್ ಕೋಶವನ್ನು ಮುಟ್ಟುವುದು ಈ ಕಿಂಡಿಗಳಿಂದ. ರೋಗ ಬೆಳೆದಂತೆ ಕಿಂಡಿಗಳು ಮುಚ್ಚಿ, ಸೈನುಸಾಯ್ಡು ಮಾಮೂಲಿ ಲೋಮನಾಳದಂತಾಗುತ್ತದೆ. ಶಾಫ್ನರ್ ಮತ್ತು ಪಾಪ್ಪರ್ 1963ರಲ್ಲೇ ಈ ಬದಲಾವಣೆಯನ್ನು ವಿವರಿಸಿದ್ದರು. ಸರ್ಗುಜಾದ ಬಗೆಯ ರೋಗದಲ್ಲೂ ಮೊದಲ ಪೆಟ್ಟು ಬೀಳುವುದು ಸೈನುಸಾಯ್ಡಿನ ಒಳಪದರಕ್ಕೆ ಎಂದು ಮುಂದೆ ಸ್ಥಾಪಿತವಾಗಿ, 2002ರಲ್ಲಿ ಆ ರೋಗಕ್ಕೆ ಸೈನುಸಾಯ್ಡ್ ತಡೆಯ ಸಿಂಡ್ರೋಮ್ ಎಂಬ ಅರ್ಥದ ಹೊಸ ಹೆಸರು ಬಂತು.

ಈಗ ಡಾಪ್ಲರ್ ಅಲ್ಟ್ರಾಸೌಂಡ್ ದೊಡ್ಡ ನಾಳಗಳ ಹರಿವನ್ನು ತೋರಿಸುತ್ತದೆ. 2003ರಲ್ಲಿ ಫ್ರಾನ್ಸಿನಿಂದ ಬಂದ ಎಲಾಸ್ಟೋಗ್ರಫಿ ಸೂಜಿ ಚುಚ್ಚದೆಯೇ ಯಕೃತ್ತಿನ ಗಡಸುತನ ಹೇಳುತ್ತದೆ. ಪ್ರಯೋಗಾಲಯದಲ್ಲಿ ನಾಳಗಳಿಗೆ ರಾಳ ತುಂಬಿ ಮೈಕ್ರೋ ಸಿ.ಟಿ.ಯಲ್ಲಿ ಮೂರು ಆಯಾಮದ ನಕ್ಷೆ ತೆಗೆಯಬಹುದು. ಜೀವಂತ ರೋಗಿಯ ಸೈನುಸಾಯ್ಡನ್ನು ಆಸ್ಪತ್ರೆಯ ಸ್ಕ್ಯಾನರ್ ಇನ್ನೂ ನೇರವಾಗಿ ತೋರಿಸಲಾರದು. 2019ರಲ್ಲಿ ಯುರೋಪಿನ ತಜ್ಞರು ಸಿರೋಸಿಸ್ ಇಲ್ಲದ ಇಂಥ ಕಿರುನಾಳ ರೋಗಗಳನ್ನೆಲ್ಲ ‘ಪೋರ್ಟೋ ಸೈನುಸಾಯ್ಡಲ್’ ನಾಳರೋಗ ಎಂಬ ಒಂದೇ ಚೌಕಟ್ಟಿಗೆ ತಂದಾಗ, ಖಚಿತ ನಿರ್ಣಯಕ್ಕೆ ಸೂಜಿಯಿಂದ ತೆಗೆದ ಸುಮಾರು 20 ಮಿಲಿಮೀಟರ್ ಉದ್ದದ ಒಳ್ಳೆಯ ತುಣುಕನ್ನೇ ಕೇಳಿದರು. ಆ ತುಣುಕಿನಲ್ಲಿ ರೋಗಶಾಸ್ತ್ರಜ್ಞರು ಹುಡುಕಬೇಕಾದ ನಿರ್ದಿಷ್ಟ ಗುರುತುಗಳ ಪಟ್ಟಿಯಲ್ಲಿ, ನಾಯಕ್ ಮತ್ತು ರಾಮಲಿಂಗಸ್ವಾಮಿ ಅದಕ್ಕೂ ಐವತ್ತು ವರ್ಷ ಮೊದಲೇ ವಿವರಿಸಿದ್ದ ಪೋರ್ಟಲ್ ಕವಲುಗಳ ಮುಚ್ಚುವಿಕೆಯೂ ಸೇರಿದೆ.